ಬಾಗಿಲ ಪಕ್ಕದ ಒಂಬತ್ತು ಗೀರು

ಶನಿವಾರ ಮಧ್ಯಾಹ್ನ ಮೇಬೆಲ್ ಹೋಟೆಲಿನ ಹಿಂದಿನ ಉದ್ದ ಮೇಜಿಗೆ ಕೂತೆವೆಂದರೆ, ಅಂಗಿಗೆ ಚುಚ್ಚುವ ಚಿತ್ರದ ಪಿನ್ನು ಕೂಡಿಸುವ ನಮಗೆ ಮೂರು ನಿಯಮ. ಇನ್ನೊಬ್ಬರ ಪಿನ್ನನ್ನು ಕೇಳದೆ ಮುಟ್ಟಬಾರದು. ಒಂದಕ್ಕೆ ಒಂದೇ ಬದಲಿ, ದುಡ್ಡಿನ ಮಾತು ಎತ್ತಬಾರದು. ಮೂರನೆಯದು, ಅಳುವ ಕತೆ ಹೇಳಬಾರದು.

ಮೂರನೆಯದು ಬಂದದ್ದು ಟ್ಯಾಂಪಾದ ಒಬ್ಬನಿಂದ. ಕಾಯಿಲೆ ಬಿದ್ದ ತಂಗಿಯ ಮಗನ ಕತೆ ಹೇಳಿ, ಕಣ್ಣು ಒರೆಸಿಕೊಂಡು, ಒಂದೇ ಮಧ್ಯಾಹ್ನ ಏಳು ಜನರಿಂದ ಏಳು ಒಳ್ಳೆಯ ಪಿನ್ನು ತೆಗೆದುಕೊಂಡು ಹೋದ. ಅವನಿಗೆ ತಂಗಿಯೇ ಇರಲಿಲ್ಲವೆಂದು ಆಮೇಲೆ ತಿಳಿಯಿತು. ಅಂದಿನಿಂದ ಮಿಸ್ ಕಾರ್ಲಿಸ್ ಮೂರು ನಿಯಮಗಳನ್ನೂ ಒಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು, ಪ್ರತಿ ಶನಿವಾರ ಕೆಚಪ್ ಬಾಟಲಿಗೆ ಒರಗಿಸಿ ಇಡುತ್ತಾಳೆ. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಅವಳು ಬರೆದಿಟ್ಟದ್ದನ್ನು ಮೀರುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ.

ನಾವೆಲ್ಲ ಪೆಲಿಕನ್ ಪಾರ್ಕ್ ಎಂಬ ಮೋಜಿನ ಪಾರ್ಕಿನಲ್ಲಿ ಆಡಿ ಬೆಳೆದ ಮಕ್ಕಳು. ಪಾರ್ಕು ಮುಚ್ಚಿ ಹದಿನಾಲ್ಕು ವರ್ಷವಾಯಿತು. ರೈಲು, ದೋಣಿ, ತಿರುಗುವ ಚಕ್ರ ಎಲ್ಲ ಗುಜರಿಗೆ ಹೋದವು. ನಮ್ಮ ಬಳಿ ಉಳಿದದ್ದು ಪಿನ್ನು, ಲೋಟ, ಟೋಪಿ, ಹರಿದ ಟಿಕೆಟ್ಟು. ಮತ್ತೆ ಹಳೆಯ ವಾಹನ ನಿಲ್ದಾಣದ ಹುಲ್ಲಿನಲ್ಲಿ ನಿಂತಿದ್ದ ವಿಮಾನ. ಎರಡು ಎಂಜಿನ್ನಿನದು, ನಲವತ್ತರ ದಶಕದ್ದು, ಹೆಸರು ‘ಮಿಸ್ ಆರ್ಡೆಲ್’. ಪಾರ್ಕು ಕಟ್ಟಿದ ಮುದುಕ ಇದರಲ್ಲೇ ಹಾರಾಡಿ ಜೌಗಿನ ಮಧ್ಯೆ ಜಾಗ ಹುಡುಕಿದ್ದನಂತೆ. ಆಮೇಲೆ ಅದನ್ನು ಪಾರ್ಕಿನಲ್ಲೇ ನಿಲ್ಲಿಸಿ, ಬಾಲಕ್ಕೆ ಟೋಪಿ ಹಾಕಿದ ಪೆಲಿಕನ್ ಹಕ್ಕಿ ಬರೆಸಿದ. ನಾನು ಆರು ವರ್ಷದವನಿದ್ದಾಗ ನಮ್ಮಮ್ಮ ನನ್ನನ್ನು ಅದರ ಕಿಟಕಿ ಪಕ್ಕ ಕೂರಿಸಿ, ‘ಈಗ ಮೋಡದ ಮೇಲಿದ್ದೀವಿ, ಕೆಳಗೆ ನೋಡಬೇಡ’ ಅಂದಿದ್ದಳು. ನಾನು ನೋಡಿರಲಿಲ್ಲ.

ಹೋದ ವರ್ಷ ಜಾಗ ಮನೆ ಕಟ್ಟುವವರ ಪಾಲಾಯಿತು. ಮಾರ್ಚ್ ಕೊನೆಯೊಳಗೆ ವಿಮಾನ ಎತ್ತಿ, ಇಲ್ಲವಾದರೆ ನಾವೇ ಕತ್ತರಿಸಿ ಸಾಗಿಸುತ್ತೇವೆ ಅಂದರು. ಎರಡು ಜಿಲ್ಲೆ ಆಚೆಯ ಒಂದು ವಸ್ತುಸಂಗ್ರಹಾಲಯ ಹ್ಯಾಂಗರಿನಲ್ಲಿ ಜಾಗ ಕೊಡಲು ಒಪ್ಪಿತು. ಸಾಗಿಸುವ ಖರ್ಚು ನಮ್ಮದು. ಅದಕ್ಕೆ ಬಿಲ್ಲೆ ಮಾಡುವುದೆಂದು ಆಯಿತು. ತುಕ್ಕು ತಿಂದು ಬದಲಾಯಿಸಬೇಕಾದ ತಗಡನ್ನು ತೆಗೆದು, ಬೆರಳುದ್ದದ ತುಂಡು ಮಾಡಿ, ನಂಬರು ಒತ್ತಿ, ತೂತು ಕೊರೆದು ಮಾರುವುದು. ಹಳೆಯ ವಿಮಾನದ ಮೈಯ ತುಂಡಿಗೆ ನಮ್ಮಂಥವರು ಜೀವ ಬಿಡುತ್ತಾರೆ.

ಕತ್ತರಿಸುವ ಕೆಲಸ ನನ್ನದು. ನಾನು ಎ.ಸಿ. ಕೊಳವೆ ಮಾಡುವ ತಗಡಿನ ಶೆಡ್ಡಿನಲ್ಲಿದ್ದೇನೆ. ಕೆಲಸ ಮುಗಿದ ಮೇಲೆ ಯಂತ್ರ ಬಳಸಿಕೊಳ್ಳಲು ಯಜಮಾನ ಬಿಡುತ್ತಾನೆ. ನಮ್ಮಲ್ಲೊಂದು ಪದ್ಧತಿ ಇದೆ. ಹಕ್ಕಿಯ ಬಣ್ಣ ಇರುವ ತುಂಡೇ ಬೇಕು, ರೆಕ್ಕೆ ಹತ್ತಿರದ್ದೇ ಬೇಕು ಅಂತ ಜಗಳ ಬರಬಾರದೆಂದು, ತುಂಡುಗಳನ್ನೆಲ್ಲ ಅಂಚು ಕೈ ಕೊಯ್ಯದ ಹಾಗೆ ಅರ ಹಾಕಿ ಉಜ್ಜಿ, ಡಬ್ಬಿಗೆ ಸುರಿದು, ಚೆನ್ನಾಗಿ ಕುಲುಕಿ, ಆಮೇಲೆ ನಂಬರು ಒತ್ತುವುದು. ಯಾವುದು ಎಲ್ಲಿಯದೆಂದು ಒತ್ತಿದವನಿಗೂ ಗೊತ್ತಾಗಬಾರದು. ಈ ಪದ್ಧತಿಯನ್ನು ಹಾಕಿಕೊಟ್ಟವನು ನಾನೇ. ನ್ಯಾಯವಾದ ಪದ್ಧತಿ ಅಂತ ಎಲ್ಲರೂ ಹೊಗಳಿದ್ದರು.

ವಿಮಾನದ ನಿಜವಾದ ಯಜಮಾನ ಅಂದರೆ ಮಿಸ್ಟರ್ ಹೋಬಾರ್ಟ್. ಪಾರ್ಕು ತೆರೆದ ದಿನದಿಂದ ಮುಚ್ಚುವ ತನಕ ಅದರ ಮೆಕ್ಯಾನಿಕ್. ಎಂಬತ್ತೆರಡು ವರ್ಷ. ಪಿನ್ನು ಗಿನ್ನು ಏನೂ ಇಲ್ಲ, ಮೇಜಿಗೆ ಬಂದರೆ ಮೀನು ತಿಂದು, ನಮ್ಮನ್ನು ನೋಡಿ ತಲೆ ಅಲ್ಲಾಡಿಸಿ ಹೋಗುವವರು.

“ಇಷ್ಟು ದೊಡ್ಡ ಗಂಡಸು, ಎದೆ ಮೇಲೆ ಹಕ್ಕಿ ಚುಚ್ಚಿಕೊಂಡು ಓಡಾಡ್ತೀಯಲ್ಲೋ, ನಿನ್ನ ಹೆಂಡ್ತಿ ಏನೂ ಅನ್ನಲ್ವಾ?” ಅಂತ ನನ್ನನ್ನು ಕೇಳುತ್ತಿದ್ದರು.

“ಅವಳೇ ಚುಚ್ಚಿ ಕಳಿಸ್ತಾಳೆ, ಮಿಸ್ಟರ್ ಹೋಬಾರ್ಟ್. ಕಳೆದು ಹೋದ್ರೆ ಯಾರಾದ್ರೂ ವಾಪಸ್ ತಂದು ಬಿಡ್ಲಿ ಅಂತ.”

ಹೋಟೆಲಿಗೆ ಬಾರದ ದಿನ ಇರಬಹುದು, ವಿಮಾನಕ್ಕೆ ಹೋಗದ ಶನಿವಾರ ಇರಲಿಲ್ಲ. ಹಿಂಬಾಗಿಲಲ್ಲಿ ಹತ್ತಿ, ಬಾಗಿಲ ಪಕ್ಕದ ಕೊನೆಯ ಸೀಟಿನಲ್ಲಿ ಒಂದು ಗಂಟೆ ಕೂತು ಇಳಿಯುತ್ತಿದ್ದರು. ವಿಮಾನದ ಮೇಲೆ ಅಷ್ಟು ಪ್ರೀತಿ ಅಂದುಕೊಂಡಿದ್ದೆವು.

ಡಿಸೆಂಬರಿನಲ್ಲಿ ಅವರು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಅದೇ ಹೊತ್ತಿಗೆ ಸಾಗಿಸುವವರು ಬಂದು ನೋಡಿ, ಹಿಂಬಾಗಿಲ ಪಕ್ಕದ ತಗಡು ಪೂರಾ ಟೊಳ್ಳಾಗಿದೆ, ಎತ್ತಿದರೆ ಅಲ್ಲೇ ಮುರಿಯುತ್ತದೆ, ಬದಲಾಯಿಸಿ ಅಂದರು. ಹೇಳಿ ಬರೋಣವೆಂದು ಆಸ್ಪತ್ರೆಗೆ ಹೋದೆ. ಔಷಧಿಯ ಮಂಪರಿನಲ್ಲಿ ಮಲಗಿದ್ದರು. ಬೇಯಿಸಿದ ಕಡಲೆಕಾಯಿಯ ಪೊಟ್ಟಣ ಮೇಜಿನ ಮೇಲಿಟ್ಟು ಬಂದೆ. ಎದ್ದು ಬಂದಾಗ ಹೊಸ ತಗಡು ನೋಡಿ ಖುಷಿಪಡಲಿ ಅಂದುಕೊಂಡೆ.

ಅವರು ಬಂದದ್ದು ಫೆಬ್ರವರಿ ಎರಡನೇ ಶನಿವಾರ, ನಾಲ್ಕು ಕಾಲಿನ ಊರುಗೋಲು ಹಿಡಿದು. ಹುಲ್ಲಿನಲ್ಲಿ ಎರಡು ಕೊಕ್ಕರೆ ಮೇಯುತ್ತಿದ್ದವು. ನಾನು ತೋಳು ಹಿಡಿಯಲು ಹೋದೆ.

“ಕೈ ಕೊಡಬೇಡ ಕಣೋ. ಈ ಮೆಟ್ಟಿಲು ನಿನಗಿಂತ ಹಳೇ ಪರಿಚಯ ನಂಗೆ.”

ಒಂದೊಂದೇ ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತರು. ಹೊಸ ತಗಡಿನ ಮೇಲೆ ಅಂಗೈ ಆಡಿಸಿದರು.

“ಒಳ್ಳೆ ಕೆಲಸ. ರಿವೆಟ್ ಸಾಲು ನೆಟ್ಟಗಿದೆ.” ಅಂಗೈ ತೆಗೆಯದೆ ಕೇಳಿದರು, “ಹಳೇದು ಎಲ್ಲಿಟ್ಟಿದ್ದೀಯ?”

“ಅದಾ! ಅದು ಎರಡೇ ದಿನಕ್ಕೆ ಖಾಲಿ. ನೂರಿಪ್ಪತ್ತು ಬಿಲ್ಲೆ ಆಯ್ತು. ಲಾರಿ ಖರ್ಚು ಅದರಿಂದಲೇ ಹುಟ್ಟಿದ್ದು, ಮಿಸ್ಟರ್ ಹೋಬಾರ್ಟ್.”

“ಖಾಲಿ ಅಂದ್ರೆ?”

“ಅಂದ್ರೆ ಎಲ್ಲಾ ಹೋಯ್ತು. ಜಪಾನಿಗೂ ಹೋಗಿದೆ ಎರಡು.”

ಅವರು ಕೊನೆಯ ಸೀಟಿನಲ್ಲಿ ಕೂತರು. ಊರುಗೋಲು ಬಿದ್ದು ಮೆಟ್ಟಿಲ ಮೇಲೆ ಉರುಳಿತು. ಅದನ್ನು ಎತ್ತಿ ತಂದೆ.

“ಒಳಮೈ ನೋಡಿದ್ಯಾ?”

“ನೋಡದೆ ಇರ್ತೀನಾ? ಹಸಿರು ಬಣ್ಣದ ಮೇಲೆ ಗೀರುಗಳಿದ್ವು, ಒಂಬತ್ತು. ಮಿಕ್ಕಿದ್ದು ಮಾತ್ರ ಡಬ್ಬಿಗೆ ಹಾಕ್ದೆ, ಅವನ್ನ ಬೇರೆ ಆರಿಸಿಟ್ಟೆ. ಗೀರು ಸರಿಯಾಗಿ ನಡುವೆ ಬರೋ ಹಾಗೆ ಕತ್ತರಿಸಿದ್ದೀನಿ. ‘ಮೆಕ್ಯಾನಿಕ್ಕಿನ ಗೀರು’ ಅಂತ ಹೆಸರಿಟ್ಟು, ಎಲ್ಲಕ್ಕಿಂತ ಚೆನ್ನಾಗಿ ಕಾಣೋ ಗೀರಿಗೆ ಒಂದನೇ ನಂಬರ್ ಕೊಟ್ಟೆ. ಅದಕ್ಕೆ ಹೆಂಗೆ ಬಿದ್ರು ಗೊತ್ತಾ ಜನ! ನಿಮ್ಮ ಕೈಯದೇ ಅಲ್ವಾ?”

ಆಗಲೂ ನಾನು ಜಂಬ ಕೊಚ್ಚಿಕೊಳ್ಳುತ್ತಲೇ ಇದ್ದೆ.

“ನನ್ನ ಕೈಯದೇ,” ಅಂದರು. “ಟ್ವೈಲಾಳದ್ದು.”

ಅವರಿಗೊಬ್ಬ ಮಗಳಿದ್ದಳು, ಚಿಕ್ಕವಳಿದ್ದಾಗಲೇ ಹೋದಳು ಅನ್ನುವುದು ಊರಿಗೆಲ್ಲ ಗೊತ್ತಿತ್ತು. ಅವರ ಬಾಯಲ್ಲಿ ಆ ಹೆಸರು ಕೇಳಿದ್ದು ನಾನು ಅದೇ ಮೊದಲು.

ಪಾರ್ಕಿನ ಯಜಮಾನ ಬಲು ಕಟ್ಟುನಿಟ್ಟು. ವಿಮಾನದ ಮೇಲೆ ಪೆನ್ಸಿಲ್ ಗುರುತು ಕಂಡರೂ ಕೆಲಸದಿಂದ ತೆಗೆಯುತ್ತಿದ್ದ. ಆದರೂ ಪ್ರತಿ ಮೇ ತಿಂಗಳು, ಮಗಳ ಹುಟ್ಟುಹಬ್ಬದ ದಿನ, ಪಾರ್ಕು ತೆರೆಯುವ ಮುಂಚೆ ಅವಳನ್ನು ಒಳಗೆ ಕರೆತಂದು, ಚಪ್ಪಲಿ ಬಿಡಿಸಿ, ಬಾಗಿಲ ಪಕ್ಕ ಬೆನ್ನು ಹಚ್ಚಿ ನಿಲ್ಲಿಸಿ, ನೆತ್ತಿಯ ಮಟ್ಟಕ್ಕೆ ತಗಡಿನ ಮೇಲೆ ಗೀರುಮೊಳೆಯಿಂದ ಸಣ್ಣದೊಂದು ಗೆರೆ ಎಳೆಯುತ್ತಿದ್ದರು. ಹೆಸರು ಬರೆಯುವಂತಿಲ್ಲ, ತಾರೀಖು ಬರೆಯುವಂತಿಲ್ಲ. ಬರೀ ಗೆರೆ. ಮೂರನೇ ವರ್ಷದಿಂದ ಹನ್ನೊಂದರ ತನಕ.

“ಹನ್ನೆರಡಕ್ಕೆ ಅವಳನ್ನ ಇಲ್ಲಿ ನಿಲ್ಲಿಸೋಕಾಗಲಿಲ್ಲ,” ಅಂದರು. “ಫೆಬ್ರವರೀಲೇ ಹೋಗಿಬಿಟ್ಲು. ರಕ್ತದ ಕಾಯಿಲೆ.”

ಫೋಟೊಗಳು ಇದ್ದವಂತೆ. ಆ ದೊಡ್ಡ ಚಂಡಮಾರುತದ ವರ್ಷ ಮನೆಯ ಚಾವಣಿ ಹಾರಿಹೋಗಿ, ಎಲ್ಲ ನೆನೆದು ಮುದ್ದೆಯಾದವು. ಹೆಂಡತಿ ಆಗಲೇ ತೀರಿಕೊಂಡಿದ್ದರು. ಉಳಿದದ್ದು ಈ ತಗಡು. ಪ್ರತಿ ಶನಿವಾರ ಅವರು ಬಂದು ಕೂರುತ್ತಿದ್ದದ್ದು ವಿಮಾನಕ್ಕಾಗಿ ಅಲ್ಲ.

ಊರುಗೋಲನ್ನು ಸೀಟಿಗೆ ಒರಗಿಸಿ ಇಟ್ಟೆ. ಅಂದೆ, “ಒಂಬತ್ತೂ ತಂದು ಕೊಡ್ತೀನಿ. ಎಲ್ಲಿದ್ವೋ ಅಲ್ಲೇ ಕೂರಿಸ್ತೀನಿ. ಲಾರಿ ಬರೋದ್ರೊಳಗೆ.”

“ಯಾರಿಗೂ ಹೇಳಬೇಡ. ಪಾಪ ಮುದುಕ ಅಂತ ಯಾರೂ ಕೊಡೋದು ಬೇಡ ನಂಗೆ.”

ಮನೆಗೆ ಬಂದರೆ ಅಡುಗೆಮನೆ ಬಾಗಿಲ ಚೌಕಟ್ಟಿನಲ್ಲಿ ಪೆನ್ಸಿಲ್ ಗೆರೆಗಳು. ದೊಡ್ಡವಳದು ಒಂದು ಕಡೆ, ಚಿಕ್ಕವಳು ವಿನ್ನಿಯದು ಇನ್ನೊಂದು ಕಡೆ. ಎಳೆದವನು ನಾನೇ. ಆ ತಗಡನ್ನು ಎರಡು ದಿನ ಮಡಿಲಲ್ಲಿಟ್ಟುಕೊಂಡು ಗೀರು ಗೀರನ್ನೂ ಬೆರಳಲ್ಲಿ ಮುಟ್ಟಿ ನೋಡಿದ್ದೆ, ಯಾವುದು ಚೆಂದ ಅಂತ. ಒಂದರ ಮೇಲೊಂದು, ನೆಟ್ಟಗೆ ಏಣಿಯ ಹಾಗೆ ಇದ್ದವು. ಆದರೂ ನನಗೆ ಹೊಳೆದಿರಲಿಲ್ಲ.

ಕತ್ತರಿಸುವ ಮೊದಲು ಫೋಟೊ ತೆಗೆದಿದ್ದೆನಲ್ಲ ಅಂತ ಓಡಿಹೋಗಿ ಹುಡುಕಿದೆ. ಇಪ್ಪತ್ತಮೂರು ಫೋಟೊ. ಎಲ್ಲ ಹೊರಮೈಯವು. ಹಕ್ಕಿಯ ಕಾಲಿನ ಬಣ್ಣ ಎಷ್ಟು ಉಳಿದಿದೆ ಅಂತ ಕೊಳ್ಳುವವರಿಗೆ ತೋರಿಸಲು.

ಒಂಬತ್ತು ಜನರ ಪಟ್ಟಿ ನನ್ನ ಬಳಿ ಇತ್ತು. ಐವರು ಮೇಜಿನವರೇ. ಕಾರಣ ಹೇಳುವಂತಿಲ್ಲ, ದುಡ್ಡು ಕೊಡುವಂತಿಲ್ಲ. ಹಾಗಾಗಿ ಇಪ್ಪತ್ತಾರು ವರ್ಷದಿಂದ ಕೂಡಿಸಿದ ನನ್ನ ಪಿನ್ನಿನ ಪುಸ್ತಕ ತೆಗೆದುಕೊಂಡು ಹೋದೆ. ಮೊದಲನೆಯವನಿಗೆ ದೋಣಿ ಸವಾರಿಯ ಸೆಟ್ಟಿನಲ್ಲಿ ನನಗೆ ಕಡೆಗೆ ಸಿಕ್ಕಿದ್ದ ಹಸಿರು ಮೊಸಳೆಯ ಪಿನ್ನು ಹೋಯಿತು. ಎರಡನೆಯವನಿಗೆ ಕಣ್ಣು ತಪ್ಪಿ ಎರಡು ಕೊಕ್ಕು ಅಚ್ಚಾದ ಪೆಲಿಕನ್. ಮೂರನೇ ಶನಿವಾರದ ಹೊತ್ತಿಗೆ ಮೇಜಿನಲ್ಲಿ ಗುಸುಗುಸು ಶುರುವಾಗಿತ್ತು.

“ಈ ಲೈಲ್‌ಗೆ ಏನೋ ಗೊತ್ತಿದೆ,” ಅಂತ ನನ್ನ ಬಗ್ಗೆ.

“ಆ ಗೀರು ಯಾರೋ ದೊಡ್ಡ ಪೈಲಟ್ಟಿಂದಂತೆ.”

“ಅಲ್ಲ ಕಣೋ, ಗುಂಡಿನ ಗುರುತಂತೆ, ಯುದ್ಧದ್ದು.”

ಹೀಗೆ ಹೇಳಿಕೊಂಡೇ ಅವರು ತಮ್ಮ ಬೇಡಿಕೆ ಏರಿಸಿದರು. ಒಹಾಯೋದ ಒಬ್ಬಾಕೆ ಪಾರ್ಕು ತೆರೆದ ದಿನದ ಪಿನ್ನೇ ಬೇಕು ಅಂದಳು. ಅದು ನಮ್ಮಮ್ಮನದು, ಅವಳ ಕೋಟಿನಿಂದ ತೆಗೆದು ನನ್ನ ಅಂಗಿಗೆ ಚುಚ್ಚಿದ್ದು. ಒಂದು ವಾರ ಯೋಚಿಸಿದೆ. ಕಳಿಸಿದೆ. ಒಂದು ಕಾಲುಚೀಲದಲ್ಲಿ ಸುತ್ತಿ ಬಿಲ್ಲೆ ಬಂತು. ಮಾರ್ಚ್ ಮೂರನೇ ವಾರಕ್ಕೆ ಎಂಟು ಕೈಸೇರಿದವು.

ಒಂದನೇ ನಂಬರು ಮಿಸ್ ಕಾರ್ಲಿಸ್ ಪಿನ್ನು ಚುಚ್ಚಿ ಕೊರಳಿಗೆ ತೂಗುಹಾಕಿಕೊಳ್ಳುವ ಕೊರಳಪಟ್ಟಿಯ ತುದಿಯಲ್ಲಿತ್ತು.

ಅವಳು ನಿಂಬೆ ಕಡುಬಿನ ತುಂಡನ್ನು ಸಾವಕಾಶವಾಗಿ ತಿನ್ನುತ್ತ ನನ್ನ ಪುಸ್ತಕದ ಹಾಳೆ ತಿರುವಿದಳು. ಖಾಲಿ ಜಾಗಗಳೇ ಜಾಸ್ತಿ.

“ಏನೋ ಇದು, ಹಲ್ಲುದುರಿದ ಬಾಯಿ ಆಗಿದೆ ನಿನ್ನ ಪುಸ್ತಕ!”

“ಯಾವುದು ಬೇಕೋ ತಗೊಳ್ಳಿ, ಮಿಸ್ ಕಾರ್ಲಿಸ್.”

“ಯಾವುದೂ ಬೇಡ. ನಂಗೆ ಬೇಕಾಗಿರೋದು ವಿಷಯ. ಮೂವತ್ತೊಂದು ವರ್ಷ ಕನ್ನಡಿಯಲ್ಲಿ ಮಕ್ಕಳ ಮುಖ ನೋಡಿದೋಳು ನಾನು. ಯಾವನು ಚಾಕೊಲೇಟ್ ಕದ್ದವ್ನೆ, ಯಾವನಿಗೆ ಹೊಟ್ಟೆನೋವು ಅಂತ ಗೊತ್ತಾಗುತ್ತೆ. ನಿಂಗೆ ಹೊಟ್ಟೆನೋವು.”

“ಹೇಳೋ ಹಾಗಿಲ್ಲ.”

“ಹಾಗಾದ್ರೆ ಕೊಡೋ ಹಾಗಿಲ್ಲ.”

ಲಾರಿ ಬರಲು ಮೂರೇ ದಿನ ಇತ್ತು. ನಾನು ರಟ್ಟಿನ ಕಡೆ ನೋಡಿದೆ, ಅವಳ ಕಡೆ ನೋಡಿದೆ. ಆಮೇಲೆ ಹೇಳಿಬಿಟ್ಟೆ. ಮುದುಕರಿಗೆ ಕೊಟ್ಟ ಮಾತನ್ನೂ ಮೇಜಿನ ನಿಯಮವನ್ನೂ ಒಟ್ಟಿಗೇ ಮುರಿದೆ.

ಮಿಸ್ ಕಾರ್ಲಿಸ್ ಚಮಚ ಕೆಳಗಿಟ್ಟಳು. ಕೆಚಪ್ ಬಾಟಲಿಗೆ ಒರಗಿದ್ದ ರಟ್ಟನ್ನು ತೆಗೆದು ಬೋರಲು ಹಾಕಿದಳು.

“ಬಸ್ಸಿನ ಮುಂದಿನ ಸೀಟು,” ಅಂದಳು. “ನನ್ನ ಹಿಂದೇನೇ ಕೂರೋಳು. ಬಾಯಿ ಮುಚ್ಚಿದ್ದೇ ಇಲ್ಲ ಆ ಹುಡುಗಿ, ದಾರಿಯುದ್ದಕ್ಕೂ ಹಾಡು. ಸುಮ್ನಿರೇ ತಾಯಿ ಅಂತಿದ್ದೆ. ಕೊನೇ ವರ್ಷ ಬಸ್ಸಿನ ಮೆಟ್ಟಿಲು ಹತ್ತೋಕೆ ಆಗ್ತಿರ್ಲಿಲ್ಲ. ಇಳಿದು ಎತ್ತಿಕೊಂಡು ಕೂರಿಸ್ತಿದ್ದೆ. ಎತ್ತಿದ್ರೆ ಏನೂ ಭಾರವೇ ಇರ್ತಿರ್ಲಿಲ್ಲ ಕಣೋ.”

ಕೊರಳಪಟ್ಟಿಯಿಂದ ಬಿಲ್ಲೆ ಬಿಚ್ಚಿದಳು. ನಾನು ಕೈಚಾಚಿದರೆ ಕೊಡಲಿಲ್ಲ.

“ಬದಲಿ ಎಲ್ಲಿ? ಒಂದಕ್ಕೆ ಒಂದು. ಬಿಟ್ಟಿ ತಗೊಂಡು ಹೋದ್ರೆ ಆ ಮನುಷ್ಯನಿಗೆ ಭಿಕ್ಷೆ ಆಗುತ್ತೆ.”

ಪುಸ್ತಕ ಮುಂದಕ್ಕೆ ತಳ್ಳಿದೆ. ಅವಳು ಅದನ್ನು ಪಕ್ಕಕ್ಕೆ ಸರಿಸಿ, ನನ್ನ ಕೆಲಸದ ಅಂಗಿಯ ಮೇಲಿದ್ದ ಹೆಸರಿನ ಬ್ಯಾಡ್ಜನ್ನು ತೋರಿಸಿದಳು. ತಗಡಿನ ಶೆಡ್ಡಿನದು, ‘ಲೈಲ್’ ಅಂತ ಬರೆದದ್ದು, ಒಂದು ಮೂಲೆ ಸುಟ್ಟಿತ್ತು. ಬಿಚ್ಚಿ ಕೊಟ್ಟೆ. ಒಂದನೇ ನಂಬರು ಇದ್ದ ಜಾಗದಲ್ಲೇ ಅದನ್ನು ಚುಚ್ಚಿಕೊಂಡಳು.

“ನಂಗೆ ಗೊತ್ತು ಅಂತ ಹೇಳಬೇಡ ಅವರಿಗೆ. ಹೋಗು.”

ಮಾರನೆಯ ದಿನ ಭಾನುವಾರ, ಚರ್ಚು ಬಿಟ್ಟ ಮೇಲೆ ಹೋಬಾರ್ಟ್ ಬಂದರು. ಕೊನೆಯ ಸೀಟಿನ ಮೇಲೆ ಬಿಳಿ ಟವೆಲ್ ಹಾಸಿ ಒಂಬತ್ತು ಬಿಲ್ಲೆಯನ್ನೂ ಇಟ್ಟಿದ್ದೆ. ಡ್ರಿಲ್ಲು, ರಿವೆಟ್ಟು ಎಲ್ಲ ತಯಾರು. ಅವರು ಕನ್ನಡಕ ಏರಿಸಿಕೊಂಡು ಒಂದೊಂದನ್ನೇ ಕೈಗೆತ್ತಿಕೊಂಡರು. ನಾನು ಒತ್ತಿದ ನಂಬರುಗಳ ಕಡೆ ನೋಡಲೇ ಇಲ್ಲ.

“ಇದು ಐದನೇದು. ವಕ್ರ ಇದೆ ನೋಡು, ಕಚಗುಳಿ ಆಯ್ತು ಅಂತ ನಕ್ಕಳು. ಇದು ಮೂರು, ನನ್ನ ಕೈಯೇ ನಡುಗ್ತಿತ್ತು, ಯಜಮಾನ ಬಂದಾನು ಅಂತ. ಇದು ಹನ್ನೊಂದು. ತೆಳು. ಕೂದಲು ಇರಲಿಲ್ಲ ಆಗ, ಒತ್ತಿದ್ರೆ ನೋವಾದೀತು ಅಂತ ಮೆಲ್ಲಗೆ ಎಳೆದೆ.”

ಎಡದಿಂದ ಬಲಕ್ಕೆ ಒಂಬತ್ತೂ ಸಾಲಾದವು. ನಾನು ಪೆನ್ಸಿಲ್ ತೆಗೆದೆ. “ಹೇಳಿ, ಎಲ್ಲೆಲ್ಲಿ ಕೂರಿಸಲಿ?”

ಅವರು ಹೊಸ ತಗಡಿನ ಕಡೆ ನೋಡಿದರು. ನೋಡುತ್ತಲೇ ಇದ್ದರು.

“ನೀನು ಅಳತೆ ಇಟ್ಟುಕೊಂಡಿಲ್ವಾ?”

ಇಲ್ಲ ಅಂದೆ. ಅಂಚುಗಳಿಗೆ ಅರ ಹಾಕಿದ್ದೆ, ಒಂದಕ್ಕೊಂದು ಕೂಡುವುದಿಲ್ಲ. ಗೀರು ಗೀರಿನ ನಡುವಿನ ತಗಡೆಲ್ಲ ಡಬ್ಬಿಯಲ್ಲಿ ಕುಲುಕಿ, ನೂರಾಹನ್ನೊಂದು ಮನೆಗಳಿಗೆ ಹೋಗಿತ್ತು. ನ್ಯಾಯವಾಗಿ. ಅವುಗಳ ಮೇಲೆ ಏನೂ ಇರಲಿಲ್ಲ, ಹಸಿರು ಬಣ್ಣ ಬಿಟ್ಟರೆ. ಒಂದು ಹುಟ್ಟುಹಬ್ಬದಿಂದ ಇನ್ನೊಂದಕ್ಕೆ ಅವಳು ಬೆಳೆದದ್ದು ಆ ಖಾಲಿ ತುಂಡುಗಳಲ್ಲಿತ್ತು.

“ಆ ವಯಸ್ಸಿನ ಮಕ್ಕಳು ಸಾಮಾನ್ಯವಾಗಿ ಎಷ್ಟಿರ್ತಾರೆ ಅಂತ ಡಾಕ್ಟರ ಹತ್ರ ಒಂದು ಪಟ್ಟಿ ಇರುತ್ತೆ...” ಅಂದೆ.

“ಸಾಮಾನ್ಯ ಮಕ್ಕಳ ಎತ್ತರ ಬೇಡ ಕಣೋ ನಂಗೆ.”

ಊರುಗೋಲು ಬಿಟ್ಟು, ಚೌಕಟ್ಟು ಹಿಡಿದು ಎದ್ದು ನಿಂತರು. ಬಾಗಿಲ ಪಕ್ಕಕ್ಕೆ ಬಂದು, ಅಂಗೈಯನ್ನು ಎದೆಗೆ ಅಡ್ಡ ಹಿಡಿದರು.

“ಹನ್ನೊಂದರಲ್ಲಿ ಇಲ್ಲಿಗೆ ಬರ್ತಿದ್ಲು. ಅಂಗಿಯ ಎರಡನೇ ಗುಂಡಿ. ಅಪ್ಪಿಕೊಂಡ್ರೆ ಆ ಗುಂಡಿ ಹಣೆಗೆ ಒತ್ತುತ್ತೆ ಅಂತ ಬೈಯೋಳು. ಹಾಕು ಗುರುತು.”

ಅವರ ಕೈಯಿಂದ ನೇರಕ್ಕೆ ತಗಡಿನ ಮೇಲೆ ಗೆರೆ ಎಳೆದೆ. ಅವರು ಹಿಂದೆ ಸರಿದು, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

“ಇಷ್ಟು ಗಿಡ್ಡ ಇರಲಿಲ್ಲ ಅವಳು.”

ನಾನು ಪೆನ್ಸಿಲ್ ಕೆಳಗಿಟ್ಟೆ.

“ಆಸ್ಪತ್ರೇಲಿ ನನ್ನನ್ನ ಅಳೆದ್ರು. ಆ ನರ್ಸು, ತಾತಾ ನೀವು ಕುಗ್ಗಿಬಿಟ್ಟಿದ್ದೀರಿ ಅಂದ್ಲು. ಎಷ್ಟು ಕುಗ್ಗಿದ್ದೀನಿ ಅಂತ ಕೇಳಿದ್ರೆ, ಮೊದಲು ಎಷ್ಟಿದ್ರಿ ಅಂತ ನನ್ನೇ ಕೇಳ್ತಾಳೆ.” ಹೆಬ್ಬೆರಳಿಗೆ ಎಂಜಲು ಹಚ್ಚಿ, ನಾನು ಎಳೆದ ಗೆರೆಯನ್ನು ಮೆಲ್ಲಗೆ ಒರೆಸಿದರು. “ಆಗ ನಾನೆಷ್ಟಿದ್ದೆ ಅಂತ ಯಾರು ಗೀಚಿಟ್ಟಿದ್ದಾರೆ?”

ಬಿಲ್ಲೆಗಳನ್ನು ಮೂರರಿಂದ ಹನ್ನೊಂದರ ತನಕ ಒಂದರ ಮೇಲೊಂದು ಜೋಡಿಸಿ, ಎದೆಯ ಜೇಬಿಗೆ ಹಾಕಿಕೊಂಡು ಗುಂಡಿ ಹಾಕಿದರು. ನಾನು ಏನೋ ಹೇಳಲು ಹೋದೆ.

“ನೀನೊಬ್ಬನೇ ಮಾಡಿದ್ದಲ್ಲ ಬಿಡು,” ಅಂದರು. “ನಾನೂ ಬಾಯಿ ಮುಚ್ಚಿಕೊಂಡೇ ಕೂತಿದ್ದೆನಲ್ಲ ಇಷ್ಟು ವರ್ಷ.”

ಮಂಗಳವಾರ ಲಾರಿ ಬಂತು. ರೆಕ್ಕೆ ಬಿಚ್ಚಿ ಬೇರೆ ಗಾಡಿಗೆ ಏರಿಸಿದ್ದರು. ಮೇಜಿನವರೆಲ್ಲ ಟೋಪಿ ಹಾಕಿಕೊಂಡು, ಎದೆ ತುಂಬ ಪಿನ್ನು ಚುಚ್ಚಿಕೊಂಡು ರಸ್ತೆಬದಿ ಸಾಲಾಗಿ ನಿಂತಿದ್ದರು. ಬಾಲದ ಹಕ್ಕಿ ಕಂಡಾಗ ಜೋರಾಗಿ ಕೂಗಿದರು, ಕೆಲವರು ಅತ್ತರು. ಹಿಂಬಾಗಿಲ ಪಕ್ಕದ ಹೊಸ ತಗಡು ಬಿಸಿಲಿಗೆ ಹೊಳೆಯಿತು. ಬಾಲ ಎತ್ತುವಾಗ ಅಲ್ಲಿ ಏನೂ ಮುರಿಯಲಿಲ್ಲ, ಬಿರುಕೂ ಬಿಡಲಿಲ್ಲ. ಮಿಸ್ ಕಾರ್ಲಿಸ್ ದೂರದಲ್ಲಿ ನಿಂತಿದ್ದಳು, ಹತ್ತಿರ ಬರಲಿಲ್ಲ.

ಹೋಬಾರ್ಟ್ ಮಡಚುವ ಕುರ್ಚಿಯಲ್ಲಿ ಕೂತಿದ್ದರು. ವಿಮಾನ ಹೋದ ಕಡೆಗೆ ತಿರುಗಲಿಲ್ಲ.

“ನಿನ್ನ ಚಿಕ್ಕವಳಿಗೆ ಎಷ್ಟು ವಯಸ್ಸು?”

“ಏಳು.”

“ಗುರುತು ಹಾಕಿದ್ದೀಯಾ?”

“ಹೂಂ. ಅಡುಗೆಮನೆ ಬಾಗಿಲಿಗೆ.”

“ನೆಲದಿಂದ ಎಷ್ಟು ಇಂಚು ಅಂತ ಬೇರೆ ಕಡೆ ಬರೆದಿಡು,” ಅಂದರು. “ಬರೀ ಗೆರೆ ಸಾಲದು.”

ಆಮೇಲೆ ಊರುಗೋಲು ಹಿಡಿದು ಎದ್ದರು. ನಾನು ತೋಳು ಹಿಡಿದೆ. ಈ ಸಲ ಬೇಡ ಅನ್ನಲಿಲ್ಲ. ಕಾರಿನವರೆಗೆ ನಿಧಾನಕ್ಕೆ ನಡೆದೆವು. ಹೆಜ್ಜೆ ಹೆಜ್ಜೆಗೂ ಅವರ ಜೇಬಿನಲ್ಲಿ ತಗಡು ತಗಡಿಗೆ ತಾಗಿ ಸಣ್ಣಗೆ ಸದ್ದಾಗುತ್ತಿತ್ತು.